ಐದನೆಯ ಸದ್ದು

ನಿಜ್ವಾ ಬಿಟ್ಟಾಗ ನಲವತ್ತಮೂರು ಡಿಗ್ರಿ.
ಅಲ್ ಹಮ್ರಾ ದಾಟಿ, ಡಾಂಬರು ಮುಗಿದು ಜಲ್ಲಿಹಾದಿ ಸುರುವಾದಲ್ಲಿ
ಎಸಿ ಆರಿಸಿದ ಯಮನೂರ.
ತಣ್ಣನೆ ಗಾಳಿ ಒಳಗೆ, ಪವಿಯ ಬೆಳಗಿನ ದೋಸೆ ಹೊರಗೆ.
ನನಗೆ ರಾತ್ರಿಪಾಳಿ ಇನ್ನೂ ರೆಪ್ಪೆಯ ಮೇಲೆ.

ಮಾವ ಮುಂದಿನ ಸೀಟಿನಲ್ಲಿ.
ವಿಸಿಟ್ ವೀಸಾದ ಇಪ್ಪತ್ತೆರಡನೇ ದಿನ.
ಮಾಲ್ ನೋಡಿ ಏನೂ ಅನ್ನಲಿಲ್ಲ, ಸಮುದ್ರ ನೋಡಿ "ಉಪ್ಪು" ಅಂದರು.
ಇಲ್ಲಿ, ಜೆಬೆಲ್ ಶಮ್ಸ್‌ನ ಅಂಚಿನಲ್ಲಿ ಇಳಿದವರೇ
ಚಪ್ಪಲಿ ಬಿಟ್ಟರು.

ಎದುರಿಗೆ ಅರ್ಧ ಒಡೆದ ಬಟ್ಟಲಿನಂತೆ ಬೆಟ್ಟ.
ಮೆಟ್ಟಿಲ ಮೇಲೆ ಮೆಟ್ಟಿಲಾಗಿ ಬಂಡೆ,
ಸಾವಿರಾರು ಮಂದಿ ಕೂತು ಈಗಷ್ಟೇ ಎದ್ದು ಹೋದ ಹಾಗೆ.
ಕೆಳಗೆ, ಕಣ್ಣು ಇಳಿಯಲು ಹೆದರುವಷ್ಟು ಕೆಳಗೆ,
ಖರ್ಜೂರದ ತೋಟ, ಅಂಗಿಯ ಗುಂಡಿಯಷ್ಟು.

"ಯಾರ ಕ್ವಾರಿ ಇದು?"
"ಯಾರದೂ ಅಲ್ಲಪ್ಪ, ಮಳಿ-ಗಾಳಿ ಕಡಿದದ್ದು."
"ಹಂಗಾರ ಕೂಲಿ ಕೊಟ್ಟಿಲ್ಲ ಬಿಡು."

ಇಳಕಲ್ಲಿನ ಕೆಂಪು ಕಲ್ಲಿನಲ್ಲಿ ಮೂವತ್ತು ವರ್ಷ,
ಎಡಗಿವಿ ಅಲ್ಲೇ ಬಿಟ್ಟು ಬಂದವರು.
ಗೆಣ್ಣಿನಿಂದ ಬಂಡೆ ಬಡಿದು ಬಲಗಿವಿ ಹಚ್ಚಿದರು,
ವಾರ್ಡಿನಲ್ಲಿ ನಾನು ಸ್ಟೆತಸ್ಕೋಪು ಇಡುವಂತೆ.
"ಸುಣ್ಣಗಲ್ಲು. ಒಳಗ ಪೊಳ್ಳೈತಿ."

ಮೇಕೆಗೂದಲ ಕೀಚೈನು ಮಾರುವ ಹಮೂದ್
ಒಂದು ರಿಯಾಲ್ ಅಂದ. ಪವಿ ಬೇಕೆಂದು ಕಿರುಚಿದಳು.
ಗುಡ್ಡ ತಿರುಗಿ ಕಿರುಚಿತು.
ಮಾವನ ಮುಖದಲ್ಲಿ ಏನೋ ಹೊತ್ತಿಕೊಂಡಿತು.
ಬಾಯಿಗೆ ಎರಡೂ ಕೈ ಕೊಟ್ಟು
(ಬಲಗೈಯಲ್ಲಿ ಮೂರೇ ಬೆರಳು)
"ಬತ್ತೀ ಹಚ್ಚೇವ್ರೋ... ಓಡ್ರೋ..."

ಮೇಕೆಗಳು ಓಡಿದವು.
ಮಾವನೂ ಓಡಿದರು, ನಮ್ಮನ್ನೂ ಆ ಹುಡುಗನನ್ನೂ ಎಳೆದು
ಜುನಿಪರ್ ಮರದಡಿಯ ಬಂಡೆಮರೆಗೆ ಕೂಡಿಸಿದರು.
ಓಡ್ರೋ, ಅಂದಿತು ಗೋಡೆ. ಓಡ್ರೋ, ಅದರಾಚೆಯ ಗೋಡೆ.
ನೆಲದ ಮೇಲೆ ಹರಳಿಟ್ಟು ಎಣಿಸಿದರು: ಒಂದು. ಎರಡು.
ಮೂರು.
ಬಹಳ ತಡೆದು, ನನಗೆ ಕೇಳದ ನಾಲ್ಕು.

ಪವಿ ಏಳಹೋದಳು. ರಟ್ಟೆ ಹಿಡಿದರು.
"ಐದು ಕುಳಿ ತುಂಬೀವಿ. ಇನ್ನೊಂದು ಹಾರಬೇಕು.
ಹನುಮ್ಯಾ ಹಿಂಗ ಎದ್ದಾಂವ."
ಹನುಮ್ಯಾ ಯಾರೆಂದು ಯಮನೂರ ಕೇಳಲಿಲ್ಲ.
ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ.

ನಾನು ಬುತ್ತಿ ಬಿಚ್ಚಿದೆ. ಕಟಿ ರೊಟ್ಟಿ, ಶೇಂಗಾ ಚಟ್ನಿ.
ಹಮೂದ್ ಖಾರಕ್ಕೆ ಕಣ್ಣೀರಾದ, ಇನ್ನಷ್ಟು ಕೈ ಚಾಚಿದ.
ನೆರಳು ಬಟ್ಟಲಿನ ತಳದಿಂದ ಮೆಟ್ಟಿಲೇರುತ್ತಿತ್ತು.
ಮಾವನ ಮುಷ್ಟಿಯಲ್ಲಿ ಐದನೆಯ ಹರಳು.
ನಾವು ಬಂಡೆಗೆ ಬೆನ್ನು ಕೊಟ್ಟು, ಬಾಯಿ ತೆರೆದು
(ಕಿವಿ ಒಡೆಯದಿರಲೆಂದು ಅವರು ಹೇಳಿಕೊಟ್ಟಂತೆ)
ಕೂತೇ ಇದ್ದೆವು.