ಇತರೆ, ವಿವರಿಸಿ

ಮಾಸೆರುವಿನ ಮೂರನೇ ಮಹಡಿಯಲ್ಲಿ ನನ್ನ ಕೆಲಸ
ಗುಡ್ಡದ ಮೇಲಿಂದ ಬಂದ ಉತ್ತರಗಳಿಗೆ ಅಂಕಿ ಹಚ್ಚುವುದು.
ಹೌದಿಗೆ ಒಂದು, ಇಲ್ಲಕ್ಕೆ ಎರಡು,
ಗೊತ್ತಿಲ್ಲ ಅಂದವರಿಗೆ ತೊಂಬತ್ತೆಂಟು,
ಬಾಯಿ ಬಿಡದವರಿಗೆ ತೊಂಬತ್ತೊಂಬತ್ತು.
ಅದರಾಚೆಗೆ ಮನುಷ್ಯರಿಲ್ಲ.

ನಲ್ಲಿ ಬಂದಿದೆಯೇ? ಒಂದು.
ಮನೆಯಿಂದ ಎಷ್ಟು ಹೆಜ್ಜೆ? ಮೂವತ್ತು.
ಕಕ್ಕಸು? ಒಂದು. ಡಾಂಬರು ರಸ್ತೆ? ಒಂದು.
ಮೊಖೊಟ್ಲಾಂಗಿನಾಚೆ, ಜೂನಿನಲ್ಲಿ ಹಿಮ ಬೀಳುವ ಆ ಊರು
ನನ್ನ ಪರದೆಯ ಮೇಲೆ ಪೂರ್ತಿ ಹಸಿರು.
ಮನಸ್ಸಿದ್ದರೆ ಮಾರ್ಗ ಅನ್ನುತ್ತಾರಲ್ಲ,
ಮಾರ್ಗವೇನೋ ಬಂದು ನಿಂತಿದೆ, ಮೈಲಿಗಲ್ಲಿನ ಸಮೇತ.

ಈ ವರ್ಷ ಒಂಬತ್ತು ಪ್ರಶ್ನೆ ಹೊಸದಾಗಿ ಸೇರಿದವು.
ಎಲ್ಲೋ ದೂರದ ಸಭೆಯಲ್ಲಿ, ನಡುರಾತ್ರಿ ದಾಟಿದ ಮೇಲೆ,
ಉದ್ದನೆಯ ವಾಕ್ಯವೊಂದರ ಬಾಲಕ್ಕೆ
‘ಮತ್ತು ಮಾನಸಿಕ ಆರೋಗ್ಯ’ ಎಂದು ಯಾರೋ ಅಂಟಿಸಿದರಂತೆ.
ನಿರ್ದೇಶಕ ರಮಾಕತ್ಸ ನಕ್ಕರು:
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.
ನಾನೂ ನಕ್ಕೆ. ನನ್ನ ಸಂಬಳಕ್ಕೆ ಅವರದೇ ಸಹಿ.

ಮನೆ ಸಂಖ್ಯೆ ಇನ್ನೂರ ಹನ್ನೊಂದು. ಕೇಳಿದವಳು ದಿನೆಯೊ.
ಹೆಸರು: ಮಾಪುಲೆಂಗ್. ವಯಸ್ಸು: ಮೂವತ್ತನಾಲ್ಕು.
ಪ್ರಶ್ನೆ ಒಂದು: ಕಳೆದೆರಡು ವಾರದಲ್ಲಿ ಎಷ್ಟು ದಿನ
ಯಾವುದೂ ಬೇಡವೆನಿಸಿತು?
ಅಂಕಿ ಇಲ್ಲ. ಪಕ್ಕದ ಪೆಟ್ಟಿಗೆಯಲ್ಲಿ, ಇತರೆ, ವಿವರಿಸಿ:
*ಪೆಲೊ ಎ ಬೊಹ್ಲೊಕೊ*.
ಎದೆ ಹುಣ್ಣಾಗಿದೆ, ಇಷ್ಟೇ.

ಪೆಟ್ಟಿಗೆಗೆ ನೂರಿಪ್ಪತ್ತೇ ಅಕ್ಷರ. ದಿನೆಯೊ ತುಂಬಿ ಚೆಲ್ಲಿದ್ದಾಳೆ.
ಉಳಿದದ್ದು ಕುರಿಗಳ ಲೆಕ್ಕದ ಪೆಟ್ಟಿಗೆಯಲ್ಲಿ,
ಅಲ್ಲೂ ಹಿಡಿಯದೆ ಕಕ್ಕಸಿನದರಲ್ಲಿ:

ಜೋಳದ ಹಿಟ್ಟಿನ ಮೂಟೆ ಇದೆ, ಯೋಜನೆಯ ಮುದ್ರೆ ಇದೆ,
ಹೊಲಿಗೆ ಬಿಚ್ಚಿಲ್ಲ.
ಒಲೆ ಹಚ್ಚಲು ಕೈ ಏಳುವುದಿಲ್ಲವಂತೆ.

ಮದುವೆಯಾಗಿ ಬಂದ ದಿನವೇ ಅತ್ತೆ ಇಟ್ಟ ಹೆಸರು,
ಇನ್ನೂ ಹುಟ್ಟದ ಪುಲೆಂಗಳ ತಾಯಿ ಎಂದು.
ಪುಲೆಂಗ್ ಹುಟ್ಟಿದಳು. ಹನ್ನೊಂದು ದಿನ ಇದ್ದಳು.
ಹೆಸರು ಹೋಗಲಿಲ್ಲ.
ಅಂಗಡಿಯಲ್ಲಿ, ಇಗರ್ಜಿಯಲ್ಲಿ, ಯಾರೇ ಕರೆದರೂ
ಊಂ ಅನ್ನಬೇಕು.

ನಲ್ಲಿಗೆ ಮೂವತ್ತು ಹೆಜ್ಜೆ, ನಾನೇ ನಡೆದು ಎಣಿಸಿದೆ.
ಅವಳು ಹತ್ತಕ್ಕೆ ನಿಂತು ವಾಪಸಾಗುತ್ತಾಳೆ.
ಅಲ್ಲಿ ಹೆಂಗಸರಿರುತ್ತಾರೆ. ಪ್ರೀತಿಯಿಂದಲೇ ಕರೆಯುತ್ತಾರೆ.

ಕ್ಲಿನಿಕ್ಕಿಗೂ ಹೋಗಿದ್ದಳಂತೆ.
ಬಿಪಿ ನೋಡಿದರಂತೆ. ಚೆನ್ನಾಗಿದೆಯಂತೆ.

ತವರಿನ ಹೆಸರು ಕೇಳಿದೆ. ಕೆನೆಯುವೆ.
ನನಗೆ ಕೊಡಲಾಗಿದೆ, ಎಂದರ್ಥ.
ಹಾಗೇ ಕರೆದೆ. ಹಿಂದೆ ತಿರುಗಿ ನೋಡಿದಳು,
ಬಾಗಿಲಲ್ಲಿ ಇನ್ಯಾರೋ ಬಂದಿದ್ದಾರೇನೋ ಎಂಬಂತೆ.

ಒಂಬತ್ತನೆಯ ಪ್ರಶ್ನೆ ಖಾಲಿ.
ಬದುಕಿರುವುದಕ್ಕಿಂತ, ಎಂದು ಶುರುವಾಗುವ ಪ್ರಶ್ನೆ ಅದು.
ಅದರ ಬುಡದಲ್ಲಿ ದಿನೆಯೊಳ ಟಿಪ್ಪಣಿ:
ಕೇಳಲಿಲ್ಲ. ಹೌದು ಅಂದುಬಿಟ್ಟರೆ
ನನ್ನ ಚೀಲದಲ್ಲಿ ಕೊಡಲು ಏನಿದೆ? ಪೆನ್ನು, ಟೋಪಿ, ಯೋಜನೆಯ ಕರಪತ್ರ.
ಮಂಗಳವಾರ ಮತ್ತೆ ಹೋಗುತ್ತೇನೆ. ವ್ಯಾನಿನ ಚಾರ್ಜು ನನ್ನದೇ.

ಐದು ಗಂಟೆಯೊಳಗೆ ಸಾಲು ಮುಗಿಸಬೇಕು.
ನಿಯಮದ ಪ್ರಕಾರ ಕುರಿಗಳ ಪೆಟ್ಟಿಗೆಯಲ್ಲಿ ಕುರಿ ಮಾತ್ರ ಇರಬೇಕು,
ಹೆಚ್ಚಿನದನ್ನು ಅಳಿಸಬೇಕು.
ಹಿಟ್ಟು ಇದೆಯೇ? ಒಂದು, ಎಂದು ಒತ್ತಿದೆ.
ಒತ್ತಿದ ಬೆರಳನ್ನು ಸ್ವಲ್ಪ ಹೊತ್ತು ನೋಡಿದೆ.
ಮಲ್ಲಿಗೆಯಂತೆ. ನಾನೂ ನಕ್ಕಿದ್ದೆನಲ್ಲ.

ಆಮೇಲೆ ಪ್ರಯಾಣ ಭತ್ಯೆಯ ನಮೂನೆ ತೆಗೆದೆ.
ನೌಕರರ ಹೆಸರು: ದಿನೆಯೊ. ದಿನ: ಮಂಗಳವಾರ.
ಉದ್ದೇಶ: ತಪಾಸಣೆ, ತರಬೇತಿ, ಸಭೆ.
ಮೂರೂ ಅಲ್ಲ.
ಇತರೆ, ವಿವರಿಸಿ.

ಬಹಳ ಹೊತ್ತಾದ ಮೇಲೆ ಬರೆದೆ:
ಒಬ್ಬಳ ಪಕ್ಕದಲ್ಲಿ ಕೂತು ಬರಲು.

ನೂರಿಪ್ಪತ್ತು ಅಕ್ಷರದೊಳಗೇ ಹಿಡಿಯಿತು.
ರಮಾಕತ್ಸರ ಸಹಿಗೆ ಕಳಿಸಿದ್ದೇನೆ.
ಇವತ್ತು ಸೋಮವಾರ. ಇನ್ನೂ ಬಂದಿಲ್ಲ.