ಷರಾ

ಬೀರುವಿನ ಬೀಗದ ಕೈ ಕಳೆದು ಎಷ್ಟೋ ವರ್ಷ.
ಬಿಸಿಯೂಟದ ಸಾವಂತ್ರಮ್ಮ ಇಕ್ಕಳ ತಂದು
ಬೈಯುತ್ತಲೇ ಎಳೆದರು.
ಒಳಗೆ ಒಡೆದ ಗ್ಲೋಬು, ಸ್ಕೌಟಿನ ಎರಡು ಸೀಟಿ,
ಇಲಿ ಹೆತ್ತ ಗುರುತು,
ಕೆಂಪು ಬಟ್ಟೆಯ ರಟ್ಟಿನ ದಾಖಲಾತಿ ರಿಜಿಸ್ಟರು,
ಮೇಲೆ ನಮ್ಮದಲ್ಲದ ಊರಿನ ಹೆಸರು.

ಆ ಊರು ಈಗ ನೀರಿನ ಕೆಳಗಿದೆ.
ಶಾಲೆಯ ಹೆಂಚು, ಗಂಟೆ, ಯಾವುದೂ ಬರಲಿಲ್ಲ.
ಲಾರಿ ಹತ್ತಿ ಬಂದದ್ದು ಇದೊಂದೇ,
ಆಯನೂರಿನಾಚೆ ಮುಳುಗಡೆಯವರಿಗೆ
ಅಳೆದು ಕೊಟ್ಟ ಈ ನೆಲಕ್ಕೆ.

ಪಾಠ ಹನ್ನೊಂದು, ಅಣೆಕಟ್ಟು. ಪುಸ್ತಕದಲ್ಲಿ
ಎತ್ತರವಿದೆ, ಉದ್ದವಿದೆ, ಎಷ್ಟು ಮೆಗಾವ್ಯಾಟ್ ಎಂದಿದೆ.
ಬಿಟ್ಟ ಸ್ಥಳ ತುಂಬಿದರೆ ಒಂದು ಅಂಕ.
ಪುಸ್ತಕ ಮುಚ್ಚಿಸಿ
ಏಳನೇ ತರಗತಿಯ ನಡುವೆ ರಿಜಿಸ್ಟರು ಬಿಚ್ಚಿದೆ.
"ಕೈ ತೊಳೆದು ಬನ್ನಿ. ಉಗುಳು ಹಚ್ಚಿ ಹಾಳೆ ತಿರುವಬೇಡಿ."

ಮೊದಲು ನಕ್ಕವನು ಧನುಷ್:
"ಎಲ್ಲರೂ ಜೂನ್ ಒಂದಕ್ಕೇ ಹುಟ್ಟಿದಾರೆ ಸಾರ್!"
ಹೌದು ಮಾರಾಯ, ನಾನೂ ಜೂನ್ ಒಂದೇ.
ಅಮ್ಮ ಹೇಳುವುದು ದೀವಳಿಗೆಯ ಹಿಂದಿನ ವಾರ.
"ಹಾಗಾದ್ರೆ ದಾಖಲೆ ಸುಳ್ಳಾ?"
ಬರೆದವನಿಗೆ ಒಂದು ತಾರೀಖು ಬೇಕಿತ್ತು,
ತಾಯಿಯ ಬಳಿ ಇದ್ದದ್ದು ಒಂದು ಹಬ್ಬ.
ಯಾರೋ ಇದನ್ನು ಬರೆದುಕೊಂಡರು.
ಪರೀಕ್ಷೆಗೆ ಬರುವುದಿಲ್ಲ ಎಂದೆ. ಅಳಿಸಲಿಲ್ಲ.

ಶಾಲೆ ಬಿಟ್ಟ ಕಾರಣ ಎಂಬ ಕಾಲಮ್ಮಿನಲ್ಲಿ
ಮೊದಲೆಲ್ಲ ದನ ಕಾಯಲು, ಚಳಿಜ್ವರ, ಮದುವೆ,
ಒಂದು ಕಡೆ ಬರೀ "ಹೆದರಿ".
ಕೊನೆಯ ಪುಟಕ್ಕೆ ಬಂದರೆ
ಒಂದೇ ದಿನ, ಒಂದೇ ಶಾಯಿ, ಇಪ್ಪತ್ತಮೂರು ಹೆಸರು.
ಮೊದಲ ಸಾಲಿಗೆ "ಮುಳುಗಡೆ".
ಅದರ ಕೆಳಗೆ "ಸದರಿ". ಅದರ ಕೆಳಗೂ "ಸದರಿ".
ಸದರಿ ಸದರಿ ಸದರಿ.
ರುಕಿಯಾ ಬೆರಳಿಟ್ಟು ಇಳಿದು ಇಳಿದು ಕೇಳಿದಳು:
"ಸದರಿ ಅಂದ್ರೆ ಯಾರು ಸಾರ್?
ಅವನೊಬ್ಬನೇ ಇಷ್ಟು ಸಲ ಶಾಲೆ ಬಿಟ್ಟನಾ?"

ಮೇಲಿನಂತೆಯೇ ಎಂದರ್ಥ, ಎಂದೆ.
ಮತ್ತೆ ಮತ್ತೆ ಬರೆಯುವ ಶ್ರಮ ಬೇಡವೆಂದು.
ಅಥವಾ ಇಪ್ಪತ್ತಮೂರು ಸಲ ಬರೆಯಲು ಕೈ ಬಾರದೆ.
ಯಾವುದೋ ಗೊತ್ತಿಲ್ಲ.
ಗೊತ್ತಿಲ್ಲ ಎಂದು ತರಗತಿಯಲ್ಲಿ ಹೇಳಿ
ಎಷ್ಟು ವರ್ಷವಾಗಿತ್ತೋ ನನಗೆ.

ಹದಿನಾಲ್ಕನೆಯ ಸದರಿ
ಹೂವಮ್ಮ, ತಂದೆ ಗುತ್ಯಪ್ಪ, ನಾಲ್ಕನೇ ಕ್ಲಾಸು.
ಕಟ್ಟಕಡೆಯ ಕಾಲಂ ಷರಾ. ಎಲ್ಲರದೂ ಖಾಲಿ,
ಇವಳ ಮುಂದೆ ಮಾತ್ರ, ಅಂಚಿಗೆ ಒತ್ತಿ, ಸಣ್ಣಕ್ಷರದಲ್ಲಿ
"ಲೆಕ್ಕದಲ್ಲಿ ಬಲು ಚುರುಕು".

ಮಕ್ಕಳು ಜಗಳಕ್ಕೇ ಬಿದ್ದರು.
ಮೇಷ್ಟ್ರ ಮಗಳಿರಬೇಕು.
ಅಲ್ಲ, ತಂದೆಯ ಕಸುಬು ನೋಡು, ಗೇಣಿ ಅಂತಿದೆ.
"ಮುಂದಿನ ಶಾಲೆಗೆ ಚೀಟಿ ಕೊಟ್ಟ ಹಾಗೆ," ಎಂದಳು ಸಿಂಚನಾ,
"ಇವಳನ್ನ ಹಿಂದಿನ ಬೆಂಚಿಗೆ ಹಾಕಬೇಡಿ ಅಂತ."

ಮುಂದಿನ ಶಾಲೆ ನಮ್ಮದೇ.
ನಮ್ಮ ಹಳೆಯ ರಿಜಿಸ್ಟರು ತೆಗೆದೆವು, ಆ ವರ್ಷದ ಪುಟ.
ಇಪ್ಪತ್ತಮೂರರಲ್ಲಿ ಹತ್ತೊಂಬತ್ತು ಹೆಸರು ಬಂದು ಸೇರಿವೆ.
ನಾಲ್ಕು ಇಲ್ಲ.
ಹೂವಮ್ಮ ಇಲ್ಲ.

ಪರಿಹಾರದ ಪಟ್ಟಿ ನೋಡಬೇಕೆಂದು
ತಾಲ್ಲೂಕು ಕಚೇರಿಗೆ ಮಕ್ಕಳೇ ಅರ್ಜಿ ಬರೆದರು,
ಮೂವತ್ತೊಂದು ಸಹಿ, ಎರಡು ಕಡೆ ಶಾಯಿ ಚೆಲ್ಲಿ.
ಎರಡು ತಿಂಗಳ ಮೇಲೆ ಉತ್ತರ:
"ಸದರಿ ಕಡತವು ಲಭ್ಯವಿರುವುದಿಲ್ಲ."
ಸದರಿ ಎಂಬಲ್ಲಿ ಇಡೀ ತರಗತಿ ನಕ್ಕಿತು.
ಆಮೇಲೆ ನಗಲಿಲ್ಲ.

ಇನ್ನೂ ನಾಲ್ಕು ಪಾಠ ಬಾಕಿ.
ಮುಖ್ಯೋಪಾಧ್ಯಾಯರು ಎರಡು ಸಲ ಬಾಗಿಲಲ್ಲಿ ಕೆಮ್ಮಿ ಹೋದರು.
ಇದೂ ದಾಖಲೆಯೇ, ಅಂಟಿಸಿಕೊಳ್ಳಿ ಎಂದೆ.
ರುಕಿಯಾ ಪತ್ರದ ನಕಲು ಅಂಟಿಸಿ
ಬಲಕ್ಕೆ ಸ್ಕೇಲಿಟ್ಟು ಒಂದು ಗೆರೆ ಎಳೆದು
"ಷರಾ: ಕೇಳಿದ್ದೇವೆ" ಎಂದು ಬರೆದಳು.

ತಾರೀಖು ಹಾಕಿರಲಿಲ್ಲ.
ಹಾಕಿಸಿದೆ.