ಮೋಟುರೆಕ್ಕೆ

ನಸಿಮಿಯು ಡ್ರಾಯರು ಎಳೆದಳು: ನೂರ ನಲವತ್ತು ಹುಳ,
ಎಲ್ಲಕ್ಕೂ ಗಿಡ್ಡ ಅಂಗಿ, ಹೊಟ್ಟೆ ಹೊರಗೆ.
ಸರೋವರದ ಅಂಚಿನವು ಇಟ್ಟಿಗೆಗೆಂಪು,
ಎಲ್ಗಾನ್ ಬೆಟ್ಟ ಹತ್ತಿದಷ್ಟೂ ಕಪ್ಪು;
ಮೇಲೆ, ಬಿದಿರಿನ ಬುಡದಲ್ಲಿ
ರೆಕ್ಕೆಯೆಂಬುದು ಬರೀ ನೆಪ.

ಚಳಿಗೋ, ಹಾರಿ ಸೇರುವ ಊರಿಲ್ಲದ್ದಕ್ಕೋ.
ಅವಳು ಅಳೆಯುತ್ತಾಳೆ, ಬರೆಯುತ್ತಾಳೆ.

ಚೀಟಿಯಲ್ಲಿ ಯಾವನೋ ದೊರೆಯ ಹೆಸರು, ೧೯೩೪.
ಸಗಣಿ ಕೆದಕಿ ಹಿಡಿದುಕೊಟ್ಟ ಹುಡುಗನದಿಲ್ಲ.

ಗಡಿಯಾಚೆ ಉಗಾಂಡಾ, ಈಚೆ ಕೀನ್ಯಾ:
ಎರಡು ಪೆಟ್ಟಿಗೆ, ಎರಡು ಹೆಸರು.
ಭೂತಗನ್ನಡಿಯಡಿ ಅದೇ ಕಾಲು, ಅದೇ ಮೀಸೆ.
ಅಜ್ಜಿ ಆಚೆಯವಳು. ಮದುವೆಗೆ ನಡೆದೇ ಬಂದಳಂತೆ,
ತಲೆಯ ಮೇಲೆ ಬಾಳೆಗೊನೆ;
ಯಾವ ಗೆರೆಯೂ ಕಾಲಿಗೆ ತೊಡರಲಿಲ್ಲ.

ನಸಿಮಿಯು ಪೆನ್ಸಿಲಿನಿಂದ ಒಂದು ಹೆಸರು ಹೊಡೆದುಹಾಕಿದಳು.
ರಬ್ಬರು ಮಾತ್ರ
ಕೈಗೆಟಕುವಲ್ಲೇ ಇತ್ತು.